ಕಡಲ ಪಕ್ಕದವರು ಅಂಡಮಾನ್‌ಗೆ ಹೋಗಿ ಮಾಡುವುದೇನು?

ಸೋಂದಾ_ತೋಟ

ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರದ ಹಳ್ಳಿ ನಮ್ಮದು. ಅಡಿಕೆ ಕೊನೆಕೊಯ್ಲು ಮುಗಿದು, ಮಕ್ಕಳ ಪರೀಕ್ಷೆಯೂ ಮುಗಿದ ಮೇಲೆ ಏಪ್ರಿಲ್‌ನಲ್ಲಿ ಒಂದು ವಾರ ಅಂಡಮಾನ್‌ಗೆ ಹೋಗೋಣ ಎಂದು ಹೆಂಡತಿ ಹಟ ಹಿಡಿದಿದ್ದಾಳೆ. ಜೊತೆಗೆ ಅಪ್ಪಯ್ಯ, ಆಯಿ ಮತ್ತು ಇಬ್ಬರು ಮಕ್ಕಳು. ದೊಡ್ಡವನಿಗೆ 12 ವರ್ಷ, ಚಿಕ್ಕವಳಿಗೆ 8.

ನನ್ನ ಅನುಮಾನ ಏನೆಂದರೆ, ಕುಮಟಾ ಬಸ್ ಹತ್ತಿ ದೇವಿಮನೆ ಘಟ್ಟ ಇಳಿದರೆ ನಮಗೆ ಎರಡು ತಾಸಿನಲ್ಲಿ ಸಮುದ್ರ. ಗೋಕರ್ಣ, ಹೊನ್ನಾವರ, ಕಾರವಾರ ಎಲ್ಲ ನೋಡಿ ನೋಡಿ ಸಾಕಾಗಿದೆ. ಅಷ್ಟು ದುಡ್ಡು ಕೊಟ್ಟು ವಿಮಾನದಲ್ಲಿ ಹೋಗಿ ಮತ್ತೆ ಅದೇ ಮರಳು, ಅದೇ ಎಳನೀರು, ಅದೇ ತೆಂಗಿನ ಮರ ನೋಡುವುದಾ? ಏಜೆಂಟ್ ಒಬ್ಬರು ಕೊಟ್ಟ ಪಟ್ಟಿಯಲ್ಲಿ ದಿನಕ್ಕೆ ನಾಲ್ಕೈದು ಜಾಗ ತುಂಬಿಸಿದ್ದಾರೆ. ಬಾರಾಟಾಂಗ್ ಸುಣ್ಣದಕಲ್ಲಿನ ಗುಹೆ ಅಂತ ಒಂದು ದಿನ ಬೇರೆ ಇದೆ. ನಮ್ಮ ಕಡೆಯವರಿಗೆ ನಿಜವಾಗಿ ಹೊಸತು ಎನ್ನುವಂಥದ್ದು ಅಲ್ಲಿ ಏನಿದೆ ಹೇಳಿ. ಹೋಗಿ ಬಂದವರು ಇದ್ದರೆ ಒಳ್ಳೆಯದು.

ಇನ್ನೊಂದು ವಿಷಯ, ಆಯಿಗೆ ದೋಣಿ ಅಂದರೆ ಭಯ. 2019ರ ಜನವರಿಯಲ್ಲಿ ಕೂರ್ಮಗಡದ ಜಾತ್ರೆ ಮುಗಿಸಿ ಬರುವವರ ದೋಣಿ ಮಗುಚಿ 16 ಜನ ಹೋದರಲ್ಲ, ಆಮೇಲೆ ಶರಾವತಿ ದಾಟುವುದಕ್ಕೂ ಒಲ್ಲೆ ಅನ್ನುತ್ತಾಳೆ. ಮತ್ತೆ ನಾವು ಸಸ್ಯಾಹಾರಿಗಳು.

ಕಾಳಿ_ದಂಡೆ

ಕಾರವಾರದವನು ನಾನು. ಮನೆ ಬಾಗಿಲಲ್ಲೇ ಕಡಲು. ಅಂಡಮಾನ್‌ಗೆ ಹೋಗಿ ಬಂದಿದ್ದೇನೆ, ಹಾಗಾಗಿ ನಿಮ್ಮ ಪ್ರಶ್ನೆ ನನ್ನದೂ ಆಗಿತ್ತು.

ನೀರಿನ ಮೇಲೆ ನೋಡುವುದಕ್ಕಾದರೆ ಹೋಗಬೇಡಿ, ಸುಮ್ನೆ ದುಡ್ಡು ದಂಡ. ನೀರಿನ ಒಳಗೆ ನೋಡುವುದಕ್ಕಾದರೆ ಹೋಗಿ. ನಮ್ಮ ಜಿಲ್ಲೆಯಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನಾಲ್ಕೂ ಘಟ್ಟದ ಕೆಂಪು ಮಣ್ಣು ತಂದು ದಂಡೆಗೇ ಸುರಿಯುತ್ತವೆ. ಅದರ ಮೇಲೆ ಅಲೆ ಬೇರೆ ಕೆಸರು ಎಬ್ಬಿಸುತ್ತಿರುತ್ತದೆ. ಸೊಂಟದ ಮಟ್ಟದ ನೀರಿನಲ್ಲಿ ನಿಂತರೆ ನಮ್ಮ ಕಾಲು ನಮಗೇ ಕಾಣಿಸುವುದಿಲ್ಲ. ಅಲ್ಲಿ ಅಂಥ ದೊಡ್ಡ ನದಿ ಇಲ್ಲ, ಮರಳೆಲ್ಲ ಹವಳದ ಪುಡಿ. ಎದೆಮಟ್ಟದ ನೀರಿನಲ್ಲೂ ಕಾಲ ಬೆರಳು ಎಣಿಸಬಹುದು. ದಂಡೆಯಿಂದ ಸ್ವಲ್ಪವೇ ದೂರ ಈಜಿದರೆ ಹವಳ, ಅದರ ನಡುವೆ ಗಿಳಿಮೀನು. ಇದು ಕಾರವಾರದ ದಂಡೆಯಲ್ಲಿ ಜನ್ಮದಲ್ಲಿ ಸಿಗುವುದಿಲ್ಲ.

ಎರಡನೆಯದು ಸೂರ್ಯೋದಯ. ನಾವು ಹುಟ್ಟಿದಾಗಿನಿಂದ ಸೂರ್ಯ ಸಮುದ್ರದಲ್ಲಿ ಮುಳುಗುವುದನ್ನೇ ನೋಡಿದವರು, ಹುಟ್ಟುವುದು ಏನಿದ್ದರೂ ಘಟ್ಟದ ಹಿಂದೆ. ಹ್ಯಾವ್‌ಲಾಕ್ ದ್ವೀಪದ ಕಾಲಾಪತ್ಥರ್ ಬೀಚ್ ಪೂರ್ವಕ್ಕೆ ಇದೆ. ಅಲ್ಲಿ ನೀರಿನಿಂದಲೇ ಸೂರ್ಯ ಎದ್ದು ಬರುವುದನ್ನು ನೋಡಿದಾಗ ಏನೋ ತಲೆಕೆಳಗಾದ ಹಾಗೆ ಅನಿಸುತ್ತದೆ. ಆದರೆ ಐದಕ್ಕೆಲ್ಲ ಅಲ್ಲಿರಬೇಕು. ಗಡಿಯಾರ ನಮ್ಮದೇ, ಆದರೆ ಅಂಡಮಾನ್ ನಮಗಿಂತ ಹದಿನೆಂಟು ಡಿಗ್ರಿಯಷ್ಟು ಪೂರ್ವಕ್ಕಿದೆ. ಅಂದರೆ ಸೂರ್ಯ ಒಂದು ತಾಸಿಗೂ ಜಾಸ್ತಿ ಮುಂದೆ. ಏಪ್ರಿಲ್‌ನಲ್ಲಿ ಸಂಜೆ ಐದೂವರೆಗೆ ಮುಳುಗಿಯೇ ಹೋಗುತ್ತದೆ. ಏಜೆಂಟ್ ಪಟ್ಟಿಯಲ್ಲಿ "ಸಂಜೆ 5ಕ್ಕೆ ಬೀಚ್" ಅಂತ ಇದ್ದರೆ ಹೊಡೆದು ಹಾಕಿ. ರಾಧಾನಗರ ಬೀಚ್‌ಗೆ ಮೂರು ಗಂಟೆಗೇ ಹೋಗಿ.

ಊರಿನ ಹೆಸರುಗಳು ಈಗ ಬದಲಾಗಿವೆ, ಟಿಕೆಟ್ ಮಾಡುವಾಗ ಗೊಂದಲ ಬೇಡ. ಹ್ಯಾವ್‌ಲಾಕ್ 2018ರಿಂದ ಸ್ವರಾಜ್ ದ್ವೀಪ, ನೀಲ್ ಈಗ ಶಹೀದ್ ದ್ವೀಪ, ಪೋರ್ಟ್ ಬ್ಲೇರ್ 2024ರಿಂದ ಶ್ರೀ ವಿಜಯಪುರಂ. ಜನ ಮಾತಾಡುವಾಗ ಹಳೇ ಹೆಸರೇ.

ಸ್ಕೂಬಾ (ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ನೀರಿನಾಳಕ್ಕೆ ಇಳಿಯುವುದು) ಮಾಡುವುದಾದರೆ ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ಡೈವ್ ಮಾಡಿದ ಮೇಲೆ 18 ತಾಸಾದರೂ ವಿಮಾನ ಹತ್ತಬಾರದು. ರಕ್ತದಲ್ಲಿ ಕರಗಿದ ಸಾರಜನಕ ಹೊರಗೆ ಹೋಗುವುದಕ್ಕೆ ಅಷ್ಟು ಹೊತ್ತು ಬೇಕು. ದೊಡ್ಡವನು ಮಾಡಬಹುದು, ಹತ್ತು ವರ್ಷ ಆಗಿರಬೇಕು ಅಷ್ಟೇ. ಚಿಕ್ಕವಳಿಗೆ ಲೈಫ್ ಜಾಕೆಟ್ ಹಾಕಿ ಸ್ನಾರ್ಕೆಲಿಂಗ್ (ಬಾಯಲ್ಲಿ ಕೊಳವೆ ಇಟ್ಟುಕೊಂಡು ಮೇಲೆ ತೇಲುತ್ತಲೇ ಕೆಳಗೆ ನೋಡುವುದು) ಸಾಕು. ನೆಗಡಿ ಆಗಿದ್ದರೆ ಯಾರೂ ಕೆಳಗೆ ಇಳಿಯಬೇಡಿ, ಕಿವಿ ಹೋಗುತ್ತದೆ.

ಟೊಂಕ_ಕಡೆಯವ

ಕಾರವಾರದವರು ಹೇಳಿದ್ದು ದಂಡೆಯ ಮಟ್ಟಿಗೆ ಸರಿ. ಆದರೆ ನೇತ್ರಾಣಿಯನ್ನು ಮರೆತರಲ್ಲ ಮಾರಾಯ್ರೆ! ಮುರ್ಡೇಶ್ವರದಿಂದ ದೋಣಿಯಲ್ಲಿ ಹತ್ತೊಂಬತ್ತು ಕಿಲೋಮೀಟರ್ ಒಳಗೆ ಹೋದರೆ ನದಿಯ ಕೆಸರು ಅಲ್ಲಿಗೆ ಅಷ್ಟಾಗಿ ಮುಟ್ಟುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ನೀರು ತಿಳಿಯಾಗಿರುತ್ತದೆ. ಬಂಡೆ ಸುತ್ತ ಬೇಕಾದಷ್ಟು ಮೀನು, ಹವಳವೂ ಇದೆ. ದ್ವೀಪದ ಮೇಲೆ ಇಳಿಸುವುದಿಲ್ಲ, ಸುತ್ತಲಿನ ನೀರಿನಲ್ಲೇ ಎಲ್ಲ.

ನಾನು ಹೇಳುವುದು ಇಷ್ಟೇ. ಅಂಡಮಾನ್ ಟಿಕೆಟ್ ಮಾಡುವ ಮೊದಲು ಮಗನನ್ನು ಒಂದು ಭಾನುವಾರ ನೇತ್ರಾಣಿಗೆ ಕರೆದುಕೊಂಡು ಹೋಗಿ. ಮಾಸ್ಕ್ ಹಾಕಿ ಬಾಯಲ್ಲಿ ಉಸಿರಾಡುವುದು ಎಲ್ಲರಿಗೂ ಆಗುವುದಿಲ್ಲ. ಹೆದರಿಕೆ ಆಗುತ್ತದೆ ಎಂದಾದರೆ ಇಲ್ಲೇ ಗೊತ್ತಾಗಲಿ, ಅಲ್ಲಿಗೆ ಹೋಗಿ ದುಡ್ಡು ಕಟ್ಟಿ ದೋಣಿಯಲ್ಲಿ ಕೂತು ಅಳುವುದಕ್ಕಿಂತ. ಮಳೆಗಾಲದಲ್ಲಿ ಇದೆಲ್ಲ ಬಂದ್, ಅಕ್ಟೋಬರ್‌ನಿಂದ ಮೇ ಒಳಗೆ ನೋಡಿಕೊಳ್ಳಿ.

ಮತ್ತೆ "ನೋಡಿ ನೋಡಿ ಸಾಕಾಗಿದೆ" ಅಂದಿರಲ್ಲ, ಕಾಸರಕೋಡಿನಲ್ಲಿ ಕಡಲಾಮೆ ಮೊಟ್ಟೆ ಇಡುವುದನ್ನು ನೋಡಿದ್ದೀರಾ? ಶರಾವತಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ದೋಣಿಯಲ್ಲಿ ಹೋಗಿದ್ದೀರಾ? ಘಟ್ಟದ ಮೇಲಿನವರು ಬೀಚ್‌ಗೆ ಬಂದು, ಪ್ಯಾಂಟ್ ಮಡಚಿ, ಫೋಟೋ ತೆಗೆದು, ಚುರುಮುರಿ ತಿಂದು ವಾಪಸ್ ಹೋಗುತ್ತಾರೆ. ಅದನ್ನೇ ಅಂಡಮಾನ್‌ನಲ್ಲೂ ಮಾಡಿದರೆ ಅದೇ ಮರಳು ಅದೇ ತೆಂಗಿನ ಮರ ಅನಿಸದೆ ಇನ್ನೇನು. ಬೇಜಾರು ಮಾಡಿಕೊಳ್ಳಬೇಡಿ, ತಮಾಷೆಗೆ ಹೇಳಿದೆ. ಅರ್ಧ ತಮಾಷೆಗೆ.

ಯಲ್ಲಾಪುರ_ಅಕ್ಕ

ನಾವು ಅತ್ತೆ ಮಾವನನ್ನು ಕರೆದುಕೊಂಡು ಹೋಗಿದ್ದೆವು. ಹಿರಿಯರ ವಿಷಯ ಯಾರೂ ಹೇಳಲಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ಆಯಿಯ ಭಯ. ಶ್ರೀ ವಿಜಯಪುರಂನಿಂದ ಹ್ಯಾವ್‌ಲಾಕ್‌ಗೆ ಹೋಗುವ ಖಾಸಗಿ ಹಡಗು ನಮ್ಮ ಕಡೆಯ ಮೀನು ದೋಣಿಯಂತಲ್ಲ. ಸುತ್ತ ಗಾಜು, ಎಸಿ, ಬಸ್ಸಿನ ಹಾಗೆ ಸೀಟು. ಎಷ್ಟು ಸೀಟೋ ಅಷ್ಟೇ ಟಿಕೆಟ್, ಹೆಸರು ಬರೆದುಕೊಂಡು ಗುರುತಿನ ಚೀಟಿ ನೋಡಿಯೇ ಹತ್ತಿಸುವುದು. ಕೂರ್ಮಗಡದಲ್ಲಿ ಆದದ್ದು ಜಾಸ್ತಿ ಜನ ತುಂಬಿಸಿ. ಇದನ್ನು ಆಯಿಗೆ ಬಿಡಿಸಿ ಹೇಳಿ, ವಿಡಿಯೋ ಇದ್ದರೆ ತೋರಿಸಿ. ಹೆಚ್ಚು ಕಡಿಮೆ ಎರಡು ತಾಸಿನ ದಾರಿ. ಬೆಳಗಿನ ಹಡಗೇ ಹಿಡಿಯಿರಿ, ಆಗ ಸಮುದ್ರ ಸ್ವಲ್ಪ ಶಾಂತ ಇರುತ್ತದೆ. ಸೀಟು ನಡುವಿನದು ಕೇಳಿ, ಮುಂದಿನದು ಬೇಡ, ಮೂತಿ ಎದ್ದು ಎದ್ದು ಬೀಳುವಾಗ ಹೊಟ್ಟೆಯೂ ಅದರ ಜೊತೆ ಹೋಗುತ್ತದೆ. ವಾಂತಿ ಮಾತ್ರೆಯನ್ನು ಡಾಕ್ಟರ್ ಹತ್ತಿರ ಕೇಳಿಕೊಂಡು ಹಡಗು ಹೊರಡುವ ಅರ್ಧ ತಾಸು ಮೊದಲೇ ಕೊಡಿ. ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಇಲ್ಲ.

ನೀರಿಗೆ ಇಳಿಯಲಾರದವರಿಗೆ ಶಹೀದ್ ದ್ವೀಪದ ಭರತ್‌ಪುರ ಬೀಚ್‌ನಲ್ಲಿ ತಳಕ್ಕೆ ಗಾಜು ಹಾಕಿದ ದೋಣಿ ಇದೆ. ಕೂತಲ್ಲೇ ಹವಳ ಕಾಣುತ್ತದೆ. ನಮ್ಮ ಅತ್ತೆ ಇಳಿಯುವುದಕ್ಕೇ ಒಪ್ಪಲಿಲ್ಲ, ಇನ್ನೊಂದು ಸುತ್ತು ಅಂತ ಕೂತಿದ್ದರು. ಅದೇ ದ್ವೀಪದಲ್ಲಿ ತಾನಾಗಿಯೇ ಆದ ಕಲ್ಲಿನ ಸೇತುವೆ ತೋರಿಸುತ್ತಾರೆ. ಅದಕ್ಕೆ ಇಳಿತದ ಹೊತ್ತಿನಲ್ಲೇ ಹೋಗಬೇಕು, ಪೂರ್ತಿ ಚೂಪು ಕಲ್ಲು, ಪಾಚಿ. ಹಿರಿಯರು ಬೇಡ. ಮಕ್ಕಳಿಗೆ ಮಾತ್ರ ಹಬ್ಬ. ಕಲ್ಲಿನ ಗುಂಡಿಗಳಲ್ಲಿ ಏಡಿ, ನಕ್ಷತ್ರ ಮೀನು, ಸಮುದ್ರ ಸೌತೆ ಎಲ್ಲ ಸಿಕ್ಕಿಹಾಕಿಕೊಂಡಿರುತ್ತವೆ. ಹಿಂದೆ ಕಟ್ಟಿರುವ ಚಪ್ಪಲಿ ಹಾಕಿಸಿ.

ಸೆಲ್ಯುಲರ್ ಜೈಲನ್ನು ಮೊದಲ ದಿನವೇ ನೋಡಿ. 1906ರಲ್ಲಿ ಕಟ್ಟಿ ಮುಗಿಸಿದ್ದು, ಏಳು ಸಾಲಿನಲ್ಲಿ 693 ಕೋಣೆ ಇದ್ದವು, ಈಗ ಮೂರು ಸಾಲು ಉಳಿದಿದೆ. ಒಂದು ಸಾಲಿನ ಬಾಗಿಲು ಮುಂದಿನ ಸಾಲಿನ ಬೆನ್ನಿಗೆ, ಕೈದಿಗೆ ಇನ್ನೊಬ್ಬ ಕೈದಿಯ ಮುಖ ಕಾಣದ ಹಾಗೆ. ಮಾವ ಗಾಣದ ಮುಂದೆ ತುಂಬಾ ಹೊತ್ತು ನಿಂತಿದ್ದರು. ಎತ್ತಿನ ಬದಲು ಮನುಷ್ಯರನ್ನು ಕಟ್ಟಿ ಎಣ್ಣೆ ತೆಗೆಸಿದ ಗಾಣ ಅದು.

ಊಟಕ್ಕೆ ತೊಂದರೆ ಇಲ್ಲ. ತಮಿಳರು ತುಂಬಾ ಇದ್ದಾರೆ, ಇಡ್ಲಿ ದೋಸೆ ಸಿಗುತ್ತದೆ. ಹ್ಯಾವ್‌ಲಾಕ್‌ನಲ್ಲಿ ಬಂಗಾಳಿ ಅನ್ನ, ಬೇಳೆ, ಪಲ್ಯ. ಮೊಸರು ಮಾತ್ರ ನಮ್ಮ ಬಾಯಿಗೆ ಸಾಲುವುದಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ ಒಯ್ಯುವುದಾದರೆ ಕೈ ಚೀಲದಲ್ಲಿ ಬೇಡ, ಚೆಕ್-ಇನ್ ಬ್ಯಾಗ್‌ಗೆ ಹಾಕಿ.

ಕಾಳಿ_ದಂಡೆ

ಟೊಂಕದವರು ನೇತ್ರಾಣಿ ಹೇಳಿದ್ದು ಸರಿ, ಒಪ್ಪಿದೆ. ಬಾರಾಟಾಂಗ್ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಮಟ್ಟಿಗೆ ಅದನ್ನು ಬಿಡಿ.

ಬೆಳಗಿನ ಜಾವ ಮೂರಕ್ಕೋ ನಾಲ್ಕಕ್ಕೋ ಹೊರಡಬೇಕು. ದಾರಿ ಜಾರವಾ ಎಂಬ ಆದಿವಾಸಿ ಜನರ ಕಾಡಿನ ನಡುವೆ. ಗಾಡಿಗಳನ್ನು ಸಾಲಾಗಿ ಪೊಲೀಸ್ ಕಾವಲಿನಲ್ಲಿ ಬಿಡುತ್ತಾರೆ. ನಿಲ್ಲಿಸುವಂತಿಲ್ಲ, ಆ ಜನರ ಫೋಟೋ ತೆಗೆದರೆ ಕೇಸು. ಆದರೂ ಗಾಡಿಯಲ್ಲಿ ಇರುವವರಿಗೆಲ್ಲ ಗುಹೆಯ ನೆನಪೇ ಇರುವುದಿಲ್ಲ, "ಕಂಡರಾ, ಕಂಡರಾ" ಅಂತ ಕಿಟಕಿಗೆ ಅಂಟಿಕೊಂಡಿರುತ್ತಾರೆ. ಮನುಷ್ಯರನ್ನು ಸಫಾರಿಯಲ್ಲಿ ನೋಡುವುದು ನನಗೆ ಸರಿ ಅನಿಸಲಿಲ್ಲ. ಆ ರಸ್ತೆ ಮುಚ್ಚಬೇಕು ಅಂತ ಸುಪ್ರೀಂ ಕೋರ್ಟೇ 2002ರಲ್ಲಿ ಹೇಳಿತ್ತು.

ಸುಣ್ಣದಕಲ್ಲು ನೋಡುವುದಕ್ಕೆ ಶಿರಸಿಯವರು ಸಮುದ್ರ ದಾಟಬೇಕಾ? ಯಾಣ ನಿಮ್ಮ ಹಿತ್ತಲಲ್ಲೇ ಇದೆ. ಗುಹೆಯೇ ಬೇಕು ಅಂದರೆ ದಾಂಡೇಲಿ ಕಾಡಿನ ಕವಳಾ ಗುಹೆ ಇದೆ, ಒಳಗೆ ಸುಣ್ಣದ ನೀರು ತೊಟ್ಟಿಕ್ಕಿ ತೊಟ್ಟಿಕ್ಕಿ ಲಿಂಗ ಆಗಿದೆ. ಆ ಒಂದು ದಿನವನ್ನು ಹ್ಯಾವ್‌ಲಾಕ್‌ಗೆ ಸೇರಿಸಿ, ಮಕ್ಕಳು ನೀರಿನಲ್ಲಿ ಬಿದ್ದಿರಲಿ.

ಬೈತಖೋಲ್_ಬಂಗಡೆ

ನಾನು ಗುಹೆಗೆ ಹೋಗಿದ್ದೆ, ಕಾಂಡ್ಲಾ ಗಿಡಗಳ ಸುರಂಗದಲ್ಲಿ ದೋಣಿ ಹೋಗುವ ದಾರಿ ಚೆನ್ನಾಗಿದೆ. ಆದರೆ ವಯಸ್ಸಾದವರಿಗೆ ಆ ಪ್ರಯಾಣ ಶಿಕ್ಷೆಯೇ. ಅಷ್ಟರ ಮಟ್ಟಿಗೆ ಬಿಡುವುದು ಒಳ್ಳೆಯದು.

ಎರಡು ಎಚ್ಚರಿಕೆ. ಅಂಡಮಾನ್‌ನಲ್ಲಿ ಉಪ್ಪುನೀರಿನ ಮೊಸಳೆ ಇವೆ. 2010ರಲ್ಲಿ ರಾಧಾನಗರದ ಪಕ್ಕದಲ್ಲೇ ಒಬ್ಬ ವಿದೇಶಿ ಮಹಿಳೆಯನ್ನು ಎಳೆದುಕೊಂಡು ಹೋಗಿತ್ತು. ಬೋರ್ಡ್ ಇರುವಲ್ಲಿ, ತೋಡು ಬಂದು ಸಮುದ್ರ ಸೇರುವಲ್ಲಿ ಇಳಿಯಬೇಡಿ. ಬಲೆ ಕಟ್ಟಿ ಜಾಗ ಗುರುತು ಮಾಡಿದ್ದರೆ ಅದರ ಒಳಗೇ ಇರಿ. ಇನ್ನೊಂದು, ಮಕ್ಕಳು ಚಿಪ್ಪು, ಸತ್ತ ಹವಳದ ತುಂಡು ಹೆಕ್ಕಿ ಚೀಲಕ್ಕೆ ಹಾಕಿಕೊಳ್ಳದ ಹಾಗೆ ನೋಡಿಕೊಳ್ಳಿ. ವಿಮಾನ ನಿಲ್ದಾಣದಲ್ಲಿ ಸ್ಕ್ಯಾನ್ ಮಾಡಿ ತೆಗೆಸುತ್ತಾರೆ, ದಂಡವೂ ಬೀಳಬಹುದು. ನಮ್ಮ ಮಕ್ಕಳಿಗೆ ಟಾಗೋರ್ ಬೀಚ್‌ನಲ್ಲಿ ಹೆಕ್ಕಿ ಅಭ್ಯಾಸ, ಹೇಳದಿದ್ದರೆ ಹೆಕ್ಕಿಯೇ ಹೆಕ್ಕುತ್ತಾರೆ. ಹವಳದ ಮೇಲೆ ಕಾಲಿಟ್ಟು ನಿಲ್ಲುವುದೂ ಬೇಡ, ಅದು ಕಲ್ಲಲ್ಲ, ಜೀವ. 2010ರಲ್ಲಿ ನೀರು ಕಾದು ಅಲ್ಲಿನ ಹವಳ ಬಹಳಷ್ಟು ಬಿಳುಚಿ ಸತ್ತಿದೆ, ಈಗ ಉಳಿದದ್ದೇ ಲಾಭ.

ಅಮಾವಾಸ್ಯೆ ಹತ್ತಿರ ಹೋದರೆ ಹ್ಯಾವ್‌ಲಾಕ್‌ನಲ್ಲಿ ರಾತ್ರಿ ಕಯಾಕ್ ಕೇಳಿ. ಹುಟ್ಟು ಹಾಕಿದಲ್ಲೆಲ್ಲ ನೀರು ನೀಲಿಯಾಗಿ ಮಿನುಗುತ್ತದೆ. ನಮ್ಮ ಕಡಲಲ್ಲೂ ಒಮ್ಮೊಮ್ಮೆ ಅಲೆ ಹಾಗೆ ಹೊಳೆಯುತ್ತದೆ, ಆದರೆ ಯಾವಾಗ ಅಂತ ಹೇಳುವ ಹಾಗಿಲ್ಲ. ಬೆಳದಿಂಗಳಿದ್ದರೆ ದುಡ್ಡು ಕೊಡಬೇಡಿ, ಏನೂ ಕಾಣುವುದಿಲ್ಲ.

ಮೀನಿನ ಬಗ್ಗೆ ಬರೆಯಬೇಕು ಅಂತಿದ್ದೆ, ನೀವು ತಿನ್ನುವುದಿಲ್ಲ. ಇರಲಿ.

ಸೋಂದಾ_ತೋಟ

ಎಲ್ಲರಿಗೂ ಧನ್ಯವಾದ. ಹೆಂಡತಿಗೆ ಓದಿ ಹೇಳಿದೆ, ಟೊಂಕದವರ ಚುರುಮುರಿ ಮಾತಿಗೆ ತುಂಬಾ ನಕ್ಕಳು. ಬಾರಾಟಾಂಗ್ ತೆಗೆಸುತ್ತೇನೆ. ಒಂದು ರಾತ್ರಿ ಶ್ರೀ ವಿಜಯಪುರಂ, ಆಮೇಲೆ ಹ್ಯಾವ್‌ಲಾಕ್‌ನಲ್ಲಿ ಜಾಸ್ತಿ ದಿನ, ನಂತರ ಶಹೀದ್ ದ್ವೀಪ, ಹೀಗೆ ಹೇಳುತ್ತೇನೆ ಏಜೆಂಟ್‌ಗೆ. ಮಗನನ್ನು ನೇತ್ರಾಣಿಗೆ ಜನವರಿಯಲ್ಲೇ ಕಳಿಸುವುದು, ಅದೂ ಆಯಿತು.

ಈಗ ಹೊಸ ಸಮಸ್ಯೆ. ಇದನ್ನೆಲ್ಲ ಕೇಳಿದ ಅಪ್ಪಯ್ಯ ತಾನೂ ಸ್ನಾರ್ಕೆಲಿಂಗ್ ಮಾಡುತ್ತೇನೆ ಎನ್ನುತ್ತಿದ್ದಾನೆ! ಚಿಕ್ಕಂದಿನಿಂದ ಹೊಳೆಯಲ್ಲಿ ಈಜಿದವನು, ನೀರಿನ ಭಯ ಇಲ್ಲ. 68 ವರ್ಷ, ಬಿಪಿ ಮಾತ್ರೆ ಇದೆ, ದಪ್ಪ ಕನ್ನಡಕ, ಅದಕ್ಕಿಂತ ದಪ್ಪ ಮೀಸೆ. ಆಗುತ್ತದಾ?

ಕಾಳಿ_ದಂಡೆ

ಬಿಪಿಗೆ ಮೊದಲು ಡಾಕ್ಟರನ್ನು ಕೇಳಿ, ಸ್ಕೂಬಾ ಅಂತೂ ಬೇಡ. ಡಾಕ್ಟರ್ ಹೂಂ ಅಂದರೆ ಲೈಫ್ ಜಾಕೆಟ್ ಹಾಕಿ ಮೇಲೆ ತೇಲುತ್ತಾ ನೋಡಲಿ, ಪಕ್ಕದಲ್ಲಿ ಗೈಡ್ ಇರಬೇಕು. ಹೊಳೆಯಲ್ಲಿ ಈಜಿದವರು ಜಾಕೆಟ್ ಬೇಡ ಅನ್ನುತ್ತಾರೆ, ಬಿಡಬೇಡಿ. ಕನ್ನಡಕ ತೆಗೆದೇ ಮಾಸ್ಕ್ ಹಾಕಬೇಕು. ಮಾಸ್ಕ್ ಒಳಗಿಂದ ನೋಡಿದರೆ ವಸ್ತುಗಳು ಸ್ವಲ್ಪ ಹತ್ತಿರ, ಸ್ವಲ್ಪ ದೊಡ್ಡದಾಗಿ ಕಾಣುತ್ತವೆ, ಆದರೂ ದಪ್ಪ ಕನ್ನಡಕದವರಿಗೆ ಅದು ಸಾಲದು. ಪವರ್ ಇರುವ ಮಾಸ್ಕ್ ಇದೆಯಾ ಅಂತ ಸ್ಕೂಬಾ ಅಂಗಡಿಗೆ ಮೊದಲೇ ಫೋನ್ ಮಾಡಿ.

ಮೀಸೆ ನಿಜವಾದ ತೊಂದರೆ. ಮಾಸ್ಕಿನ ರಬ್ಬರ್ ಕೂದಲಿನ ಮೇಲೆ ಕೂರುವುದಿಲ್ಲ, ಅಲ್ಲಿಂದ ನೀರು ಮೂಗಿಗೆ ಬರುತ್ತದೆ. ಮೀಸೆಗೆ ದಪ್ಪಗೆ ವ್ಯಾಸಲೀನ್ ಹಚ್ಚಿದರೆ ಅರ್ಧ ನಿಲ್ಲುತ್ತದೆ.

ಯಲ್ಲಾಪುರ_ಅಕ್ಕ

ಇಲ್ಲ ಅಂದರೆ ಮೂಗಿನ ಕೆಳಗೆ ಒಂದು ಗೆರೆಯಷ್ಟು ಮಾತ್ರ ಬೋಳಿಸಿದರೂ ಸಾಕು. ನಮ್ಮ ಮಾವ ಅದಕ್ಕೂ ಒಪ್ಪಲಿಲ್ಲ, ಅತ್ತೆ ಜೊತೆ ಗಾಜಿನ ದೋಣಿಯಲ್ಲೇ ಕೂತರು.