ಸಹಾಯ ಬೇಕು: ಓಡಾಡುವ ವೈರ್‌ಲೆಸ್ ನೋಡ್‌ಗಳಲ್ಲಿ ಗಾಸಿಪ್ ಪ್ರೊಟೊಕಾಲ್

ನಮಸ್ಕಾರ. ಬ್ಯಾಟರಿಯಲ್ಲಿ ನಡೆಯುವ ಇಎಸ್‌ಪಿ32 ಬೋರ್ಡ್‌ಗಳಲ್ಲಿ (ರೇಡಿಯೋ ಇರುವ ಪುಟ್ಟ ಕಂಪ್ಯೂಟರ್‌ಗಳು; ಒಂದೊಂದೂ ಒಂದು ನೋಡ್) ಗಾಸಿಪ್ ಪ್ರೊಟೊಕಾಲ್, ಅಂದರೆ ಒಂದು ನೋಡ್‌ನಿಂದ ಇನ್ನೊಂದಕ್ಕೆ ದಾಟುತ್ತಾ ಸುದ್ದಿ ಹರಡುವ ವಿಧಾನ, ಪ್ರಯತ್ನಿಸುತ್ತಿದ್ದೇನೆ. ರೇಡಿಯೋದಲ್ಲಿ ಒಂದು ನೋಡ್ ಮಾತಾಡಿದರೆ ಸುತ್ತಲಿನ ಎಲ್ಲಕ್ಕೂ ಕೇಳಿಸುತ್ತದೆ, ಅಲ್ವಾ? ಎಲ್ಲವೂ ಅದನ್ನೇ ಮತ್ತೆ ಕಳಿಸಿದರೆ ಪ್ಯಾಕೆಟ್‌ಗಳು ಡಿಕ್ಕಿ ಹೊಡೆಯುತ್ತವೆ.

ಅದಕ್ಕೆ ಸಂಶೋಧಕರಾದ ಹಾಸ್, ಹಾಲ್ಪರ್ನ್, ಲೀ 2002ರಲ್ಲಿ ಹೇಳಿದ ದಾರಿ ಹಿಡಿದೆ: ಬಂದ ಸಂದೇಶವನ್ನು 0.6ರಿಂದ 0.8 ಸಂಭವನೀಯತೆಯಲ್ಲಿ ಮಾತ್ರ ಮುಂದೆ ಕಳಿಸುವುದು. ನೋಡ್‌ಗಳು ಒತ್ತಾಗಿದ್ದರೆ ಚೆನ್ನಾಗಿದೆ. ಚದುರಿ ಓಡಾಡತೊಡಗಿದರೆ ಸಂದೇಶ ಮಧ್ಯದಲ್ಲೇ ನಿಲ್ಲುತ್ತದೆ.

ಈಗ ಟ್ರಿಕಲ್ ಎಂಬ ಇನ್ನೊಂದು ಸುದ್ದಿ ಹರಡುವ ವಿಧಾನ (ಇಂಟರ್ನೆಟ್ ಮಾನದಂಡ ದಾಖಲೆ ಆರ್‌ಎಫ್‌ಸಿ 6206) ನೋಡುತ್ತಿದ್ದೇನೆ. ಪಕ್ಕದ ನೋಡ್‌ಗಳು ಅದೇ ಸುದ್ದಿ ಹೇಳಿದ್ದು ಕೇಳಿಸಿದರೆ ತಾನು ಸುಮ್ಮನಿರುವ ಉಪಾಯ ನನಗೆ ತುಂಬಾ ಇಷ್ಟವಾಯಿತು. ಆದರೆ ಅಕ್ಕಪಕ್ಕದವು ಬದಲಾಗುತ್ತಲೇ ಇದ್ದರೆ ‘ಕೆ’ (ಎಷ್ಟು ಸಲ ಅದೇ ಸುದ್ದಿ ಕೇಳಿಸಿದರೆ ಸುಮ್ಮನಿರಬೇಕು ಎಂಬ ಸಂಖ್ಯೆ) ಎಷ್ಟಿಡಬೇಕು? ಹೊಸ ನೋಡ್ ಕಂಡಾಗಲೆಲ್ಲ ಟ್ರಿಕಲ್‌ನ ಟೈಮರ್ ರೀಸೆಟ್ ಮಾಡಿದರೆ ಮತ್ತೆ ಪದೇ ಪದೇ ಕಳಿಸಬೇಕಾಗಿ ಬ್ಯಾಟರಿ ಬೇಗ ಖಾಲಿ. ಮಾಡದಿದ್ದರೆ ಹೊಸದಕ್ಕೆ ಸುದ್ದಿ ತಲುಪುವುದು ತಡವಾಗುತ್ತದೆ. ಚಲಿಸುವ ನೋಡ್‌ಗಳಲ್ಲಿ ಇದನ್ನು ಮಾಡಿದವರು ಇದ್ದರೆ ದಯವಿಟ್ಟು ತಿಳಿಸಿ. ಕೋಡ್ ಕಳಿಸಲು ಸಿದ್ಧ.