ಸಹಾಯ ಬೇಕು: ಹೋಂಸ್ಟೇ ಕೆಲಸದವರಿಗೆ ಕನ್ನಡದಲ್ಲೇ ತರಬೇತಿ ಕೊಡುವವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಮಡಿಕೇರಿ ಕಡೆಯ ಕೆಲವು ಹೋಂಸ್ಟೇಯವರು ಸೇರಿ ನಮ್ಮ ಅಡುಗೆಯವರು, ರೂಂ ಕ್ಲೀನ್ ಮಾಡುವವರು, ಜೀಪ್ ಡ್ರೈವರ್‌ಗಳು ಎಲ್ಲರಿಗೂ ತರಬೇತಿ ಕೊಡಿಸಬೇಕು ಅಂತಿದ್ದೇವೆ. ಮಳೆ ಜೋರಾಗಿ ಜನ ಕಡಿಮೆಯಾದಾಗ ಮಾಡಿದರೆ ಎಲ್ಲರಿಗೂ ಬಿಡುವಿರುತ್ತದೆ.

ಮೊದಲು ಕಸದ ವಿಷಯ. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚಗಳಿಗೆ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧ ಇದೆ. ಆದರೂ ಚಿಪ್ಸ್ ಪ್ಯಾಕೆಟ್, ಶಾಂಪೂ ಸ್ಯಾಶೆ ಕಾಫಿ ಗಿಡದ ಬುಡದಲ್ಲಿ ಸಿಗುತ್ತಲೇ ಇವೆ, ಮಳೆ ನೀರಲ್ಲಿ ಅದೆಲ್ಲ ಹರಿದು ಸೇರೋದು ಕಾವೇರಿಗೇ ಅಲ್ವಾ? ಹಸಿ ಕಸವನ್ನು ತೋಟದಲ್ಲೇ ಗೊಬ್ಬರ ಮಾಡೋದನ್ನು ಕೈಯಾರೆ ಮಾಡಿ ತೋರಿಸುವವರು ಬೇಕು, ಸುಮ್ನೆ ಭಾಷಣ ಬೇಡ.

ಎರಡನೆಯದು ಮೊಬೈಲ್ ಕೆಲಸ. ನಮ್ಮ ಅಡುಗೆಯ ಅಕ್ಕ ಕಡಂಬುಟ್ಟು, ಪಂದಿಕರಿ ಎಷ್ಟು ಚೆನ್ನಾಗಿ ಮಾಡುತ್ತಾರೆ ಅಂದರೆ ರಿವ್ಯೂಗಳಲ್ಲಿ ಅದೇ ಮಾತು. ಆದರೆ ಅದನ್ನು ಅವರಿಗೆ ಯಾರಾದರೂ ಓದಿ ಹೇಳಬೇಕು. ಬುಕಿಂಗ್ ನೋಡೋದು, ಯುಪಿಐ ದುಡ್ಡು ನಿಜವಾಗಿ ಬಂತಾ ಅಂತ ಖಚಿತ ಮಾಡ್ಕೊಳ್ಳೋದು, ವಿದೇಶಿಯರು ಬಂದರೆ 24 ಗಂಟೆಯೊಳಗೆ ಅವರ ವಿವರ ಸರ್ಕಾರಕ್ಕೆ ತಿಳಿಸುವ ಫಾರ್ಮ್ ತುಂಬೋದು, ಇಷ್ಟು ಬಂದರೆ ಸಾಕು.

ಇನ್ನೊಂದು ನನಗೆ ತುಂಬಾ ಮುಖ್ಯ. ವೀಲ್‌ಚೇರ್‌ನಲ್ಲಿ ಬರುವವರಿಗೆ ಹೇಗೆ ನೆರವಾಗಬೇಕು, ಕುಡಿದು ಗಲಾಟೆ ಮಾಡುವವರ ಹತ್ತಿರ ನಮ್ಮ ಹೆಣ್ಣುಮಕ್ಕಳು ಹೇಗೆ ಗಟ್ಟಿಯಾಗಿ ಮಾತಾಡಬೇಕು ಅನ್ನೋದನ್ನೂ ಕಲಿಸಬೇಕು.

ಊಟ, ವಸತಿ, ಓಡಾಟದ ಖರ್ಚು ನಮ್ಮದು, ಫೀಸ್ ಮಾತಾಡೋಣ. ಕನ್ನಡದ ವಿಡಿಯೋ, ಪಾಠದ ಹಾಳೆ ಇದ್ದರೂ ಕಳಿಸಿ. ಬೇರೆ ಊರಲ್ಲಿ ಇಂಥದ್ದು ಮಾಡಿಸಿದವರು ಇದ್ದರೆ ದಯವಿಟ್ಟು ಕಾಮೆಂಟ್ ಹಾಕಿ.