ಉಬುಂಟು 22.04: ನ್ಯಾನೋ ಬೋರ್ಡ್ ಚುಚ್ಚಿದ ತಕ್ಷಣ ಪೋರ್ಟ್ ಬಂದು ಮಾಯವಾಗುತ್ತಿದೆ

ಟೊಮೆಟೊ_ಸಾಲು (ಶ್ರೀನಿವಾಸಪುರ, ಕೋಲಾರ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಒಂದೇ ಕಡೆ ಸಿಕ್ಕಿಕೊಂಡಿದ್ದೇನೆ. ಯಾರಾದರೂ ದಾರಿ ತೋರಿಸಿ.

ಅಪ್ಪನ ಟೊಮೆಟೊ ತೋಟಕ್ಕೆ ಒಂದು ಸಣ್ಣ ಪೆಟ್ಟಿಗೆ ಮಾಡುತ್ತಿದ್ದೇನೆ. ಮಣ್ಣಿನ ತೇವ ನೋಡಿ ಡ್ರಿಪ್ ವಾಲ್ವ್ ಅದೇ ತೆರೆಯಬೇಕು. ನಮ್ಮ ಕಡೆ ಮೂರು ಫೇಸ್ ಕರೆಂಟ್ ಎಷ್ಟೋ ಸಲ ರಾತ್ರಿ ಹೊತ್ತೇ ಬರುವುದು. ಅಪ್ಪ ಟಾರ್ಚ್ ಹಿಡಿದು ತೋಟಕ್ಕೆ ಹೋಗುವುದು ತಪ್ಪಲಿ ಅಂತ ಈ ಕೆಲಸ. ಬೋರ್ಡ್ ಆರ್ಡುಯಿನೊ ನ್ಯಾನೋ ಕ್ಲೋನ್, ಅಂದರೆ ಪ್ರೋಗ್ರಾಮ್ ಹಾಕಿ ಓಡಿಸುವ ಸಣ್ಣ ಬೋರ್ಡಿನ ನಕಲು. ಹಿಂಬದಿಯ ಯುಎಸ್‌ಬಿ-ಸೀರಿಯಲ್ ಚಿಪ್ ಮೇಲೆ ಸಿಎಚ್340ಜಿ ಅಂತ ಬರೆದಿದೆ.

ಲ್ಯಾಪ್‌ಟಾಪ್‌ನಲ್ಲಿ ಉಬುಂಟು 20.04 ಇದ್ದಾಗ ಎಲ್ಲಾ ಸರಿ ಇತ್ತು. ಹೋದ ವಾರ ಡಿಸ್ಕ್ ಅಳಿಸಿ 22.04 ಹೊಸದಾಗಿ ಹಾಕಿದೆ. ಅವತ್ತಿನಿಂದ ಪೋರ್ಟ್ ಪಟ್ಟಿ ಖಾಲಿ. ಬೋರ್ಡಿನ ಕೆಂಪು ದೀಪ ಮಾತ್ರ ಉರಿಯುತ್ತದೆ. ಕೇಬಲ್ ಎರಡು ಬದಲಾಯಿಸಿದೆ. ಕೊನೆಗೆ ಡ್ರೈವರ್ ಇಲ್ಲ ಅಂದುಕೊಂಡು ಇಂಟರ್‌ನೆಟ್‌ನಿಂದ ಸೋರ್ಸ್ ಇಳಿಸಿ ಮೇಕ್ ಕೊಟ್ಟೆ. ಬಿಲ್ಡ್ ಆಯಿತು. ಲೋಡ್ ಮಾಡಲು ಹೋದರೆ ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವೀಸ್’ ಅನ್ನುತ್ತದೆ. ಬಯೋಸ್‌ಗೆ ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡಿಬಿಡಲಾ?

ಕ್ಯಾತ್ಸಂದ್ರ_ಬೆಸುಗೆ (ತುಮಕೂರು)

ಆಫ್ ಮಾಡಬೇಡಿ, ಸ್ವಲ್ಪ ತಾಳಿ. ಆ ಎರರ್ ಬಂದಿದ್ದು ನೀವೇ ಬಿಲ್ಡ್ ಮಾಡಿದ ಮಾಡ್ಯೂಲ್‌ಗೆ (ಡ್ರೈವರ್ ತುಣುಕಿಗೆ) ಸಹಿ ಇಲ್ಲದ ಕಾರಣಕ್ಕೆ. ಸೆಕ್ಯೂರ್ ಬೂಟ್ ಆನ್ ಇದ್ದರೆ ಸಹಿ ಇಲ್ಲದ ಮಾಡ್ಯೂಲನ್ನು ಕರ್ನಲ್ (ಸಿಸ್ಟಮ್‌ನ ತಿರುಳು) ಒಳಗೆ ಬಿಡುವುದಿಲ್ಲ. ಆದರೆ ನಿಮಗೆ ಹೊರಗಿನ ಡ್ರೈವರ್ ಬೇಕಾಗಿಯೇ ಇಲ್ಲ. ಈ ಚಿಪ್‌ನ ಡ್ರೈವರ್ ಕರ್ನಲ್ ಜೊತೆಗೇ ಬರುತ್ತದೆ, ಸಹಿ ಸಮೇತ. ಅದರ ಹೆಸರು ಸಿಎಚ್341. ಚಿಪ್ ಮೇಲೆ 340, ಮಾಡ್ಯೂಲ್ ಹೆಸರಲ್ಲಿ 341 ಅಂತ ನೋಡಿ ತುಂಬಾ ಜನ ಗಾಬರಿ ಆಗುತ್ತಾರೆ. ಎರಡಕ್ಕೂ ಅದೇ ಮಾಡ್ಯೂಲ್.

ಈಗ ಬೋರ್ಡ್ ಕಿತ್ತಿಡಿ. ಟರ್ಮಿನಲ್‌ನಲ್ಲಿ ಸುಡೊ (ಅಡ್ಮಿನ್ ಅಧಿಕಾರ) ಹಾಕಿ, ಕರ್ನಲ್‌ನ ಸಂದೇಶ ತೋರಿಸುವ ಡಿಎಂಇಎಸ್‌ಜಿ ಕಮಾಂಡನ್ನು -ಡಬ್ಲ್ಯೂ ಜೊತೆ ಓಡಿಸಿ. ಸುಡೊ ಇಲ್ಲದಿದ್ದರೆ 22.04ರಲ್ಲಿ ಅದು ಏನೂ ತೋರಿಸುವುದಿಲ್ಲ. ಆಮೇಲೆ ಬೋರ್ಡ್ ಚುಚ್ಚಿ. ಹೊಸದಾಗಿ ಬರುವ ಸಾಲುಗಳನ್ನು ಒಂದೂ ಬಿಡದೆ ಇಲ್ಲಿ ಹಾಕಿ. ಡ್ರೈವರ್ ಹುಡುಕುವ ಮೊದಲು ಯಾವತ್ತೂ ಮಾಡಬೇಕಾದ ಕೆಲಸ ಇದು.

ಟೊಮೆಟೊ_ಸಾಲು

ಮಾಡಿದೆ ಅಣ್ಣ. ಮೊದಲು ಐಡಿ 1ಎ86:7523 ಬಂತು. ಆಮೇಲೆ ಸಿಎಚ್341 ಕನ್ವರ್ಟರ್ ಟಿಟಿವೈಯುಎಸ್‌ಬಿ0ಗೆ ಅಟ್ಯಾಚ್ ಆಯಿತು ಅಂತ ಒಂದು ಸಾಲು. ಒಂದು ಸೆಕೆಂಡ್ ಕೂಡ ಆಗಿಲ್ಲ, ಇನ್ನೊಂದು ಸಾಲು: ‘ಇಂಟರ್‌ಫೇಸ್ 0 ಕ್ಲೇಮ್ಡ್ ಬೈ ಸಿಎಚ್341 ವೈಲ್ ಬಿಆರ್‌ಎಲ್‌ಟಿಟಿವೈ ಸೆಟ್ಸ್ ಕಾನ್ಫಿಗ್ 1’. ಅದರ ಹಿಂದೆಯೇ ಡಿಸ್ಕನೆಕ್ಟೆಡ್. ಈ ಬಿಆರ್‌ಎಲ್‌ಟಿಟಿವೈ ಅಂದರೆ ಏನು? ನಾನು ಹಾಕಿದ್ದಲ್ಲ.

ಕ್ಯಾತ್ಸಂದ್ರ_ಬೆಸುಗೆ

ಸಿಕ್ಕಿತು ನೋಡಿ. ನಿಮ್ಮ ಡ್ರೈವರ್ ಬಂತು, ಬೋರ್ಡನ್ನು ಗುರುತಿಸಿತು, ಪೋರ್ಟ್ ಕೊಟ್ಟಿತು. ಅಷ್ಟರಲ್ಲಿ ಬೇರೆ ಪ್ರೋಗ್ರಾಮ್ ಬಂದು ಬೋರ್ಡನ್ನು ಕಿತ್ತುಕೊಂಡಿತು.

ಬಿಆರ್‌ಎಲ್‌ಟಿಟಿವೈ ಕಣ್ಣು ಕಾಣದವರಿಗಾಗಿ ಇರುವ ಪ್ರೋಗ್ರಾಮ್. ಪರದೆಯ ಮೇಲಿನ ಅಕ್ಷರಗಳನ್ನು ಬ್ರೈಲ್ ಡಿಸ್‌ಪ್ಲೇಗೆ ಕಳಿಸುತ್ತದೆ. ಅವರು ಬೆರಳಲ್ಲಿ ಮುಟ್ಟಿ ಓದುತ್ತಾರೆ. ಉಬುಂಟು ಡೆಸ್ಕ್‌ಟಾಪ್ ಹಾಕಿದಾಗ ಇದೂ ಬರುತ್ತದೆ. ಬರಬೇಕಾದದ್ದೇ. ಬ್ರೈಲ್ ಓದುವವರು ಡಿಸ್‌ಪ್ಲೇ ಚುಚ್ಚಿದ ಕೂಡಲೇ ಅದು ಕೆಲಸ ಮಾಡಬೇಕು, ಇನ್ನೊಬ್ಬರನ್ನು ಕರೆದು ಸೆಟಪ್ ಮಾಡಿಸುವ ಹಾಗಾಗಬಾರದು.

ತೊಂದರೆ ಇರುವುದು ನಂಬರ್‌ನಲ್ಲಿ. 1ಎ86 ಚಿಪ್ ತಯಾರಿಸುವ ಚೀನಾದ ಕಂಪನಿಯ ನಂಬರ್, 7523 ಆ ಚಿಪ್‌ನ ನಂಬರ್. ಬೋರ್ಡ್ ಮಾಡುವವರು ತಮ್ಮದೇ ನಂಬರ್ ಹಾಕುವುದಿಲ್ಲ, ಚಿಪ್‌ನದ್ದೇ ಉಳಿಯುತ್ತದೆ. ಜೂಮ್ಯಾಕ್ಸ್‌ನ 20 ಅಕ್ಷರದ ಒಂದು ಬ್ರೈಲ್ ಯಂತ್ರದಲ್ಲೂ ಇದೇ ನಂಬರ್ ಇದೆ. ಹಾಗಾಗಿ ಸಾಧನ ಚುಚ್ಚಿದಾಗ ಏನಾಗಬೇಕು ಅಂತ ನೋಡುವ ಯುಡೆವ್‌ನ ರೂಲ್ಸ್ ಪಟ್ಟಿಯಲ್ಲಿ ಈ ನಂಬರ್ ಸೇರಿದೆ. ನಿಮ್ಮ ನ್ಯಾನೋ ಚುಚ್ಚಿದಾಗ ಸಿಸ್ಟಮ್‌ಗೆ ಕಾಣುವುದು ನಂಬರ್ ಒಂದೇ. ಅದು ತೇವದ ಸೆನ್ಸರ್ ಬೋರ್ಡೋ ಬ್ರೈಲ್ ಯಂತ್ರವೋ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?

ಆ ಲ್ಯಾಪ್‌ಟಾಪನ್ನು ಬ್ರೈಲ್ ಓದುವವರು ಯಾರೂ ಬಳಸದಿದ್ದರೆ ‘ಸುಡೊ ಆಪ್ಟ್ ರಿಮೂವ್ ಬಿಆರ್‌ಎಲ್‌ಟಿಟಿವೈ’ ಕೊಡಿ. ಬೋರ್ಡ್ ಕಿತ್ತು ಮತ್ತೆ ಚುಚ್ಚಿ. ನೀವು ಇಳಿಸಿದ ಆ ಸೋರ್ಸ್ ಫೋಲ್ಡರನ್ನೂ ಅಳಿಸಿಬಿಡಿ.

ಬೆಟ್ಟದ_ತಪ್ಪಲು (ಚಿಕ್ಕಬಳ್ಳಾಪುರ)

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಶಾಲೆಯಲ್ಲಿ ಕಂಪ್ಯೂಟರ್ ಹೇಳಿಕೊಡುತ್ತೇನೆ. ನಮ್ಮಲ್ಲೂ ಇದೇ ಬೋರ್ಡ್, ಇದೇ ತೊಂದರೆ. ಆದರೆ ನಮ್ಮ ಒಬ್ಬ ಹುಡುಗಿ ಅದೇ ಕಂಪ್ಯೂಟರ್‌ನಲ್ಲಿ ಬ್ರೈಲ್ ಡಿಸ್‌ಪ್ಲೇ ಇಟ್ಟು ಓದುತ್ತಾಳೆ. ಅವಳದ್ದು ಬೇರೆ ಕಂಪನಿಯದ್ದು, ನಂಬರ್ ಕೂಡ ಬೇರೆ. ನಾನು ತೆಗೆದುಹಾಕುವ ಹಾಗಿಲ್ಲ ಅಲ್ವಾ?

ಕ್ಯಾತ್ಸಂದ್ರ_ಬೆಸುಗೆ

ಖಂಡಿತ ತೆಗೆಯಬೇಡಿ ಮೇಡಂ. ನೀವು ಕೇಳಿದ್ದು ತುಂಬಾ ಒಳ್ಳೆಯದಾಯಿತು. ‘ತೆಗೆದುಹಾಕಿ’ ಅನ್ನುವ ಉತ್ತರ ಎಲ್ಲಾ ಕಡೆ ಸಿಗುತ್ತದೆ. ಅದನ್ನು ಶಾಲೆಯ ಯಂತ್ರದಲ್ಲಿ ಸುಮ್ನೆ ಮಾಡಿಬಿಟ್ಟರೆ ಆ ಮಗುವಿನ ಓದೇ ನಿಲ್ಲುತ್ತದೆ.

ಒಂದು ಸಾಲು ಮಾತ್ರ ಮುಚ್ಚಿದರೆ ಸಾಕು. ಯುಎಸ್‌ಆರ್, ಲಿಬ್, ಯುಡೆವ್, ರೂಲ್ಸ್.ಡಿ ಫೋಲ್ಡರ್‌ನಲ್ಲಿ 85-ಬಿಆರ್‌ಎಲ್‌ಟಿಟಿವೈ.ರೂಲ್ಸ್ ಅಂತ ಫೈಲ್ ಇದೆ. ಅದನ್ನೇ ತಿದ್ದಬೇಡಿ, ಪ್ಯಾಕೇಜ್ ಅಪ್‌ಡೇಟ್ ಆದರೆ ನಿಮ್ಮ ತಿದ್ದುಪಡಿ ಹೋಗುತ್ತದೆ. ಅದೇ ಹೆಸರಲ್ಲಿ ಇಟಿಸಿ, ಯುಡೆವ್, ರೂಲ್ಸ್.ಡಿ ಒಳಗೆ ಒಂದು ಕಾಪಿ ಇಡಿ. ಒಂದೇ ಹೆಸರಿನ ಎರಡು ಫೈಲ್ ಇದ್ದರೆ ಇಟಿಸಿಯಲ್ಲಿ ಇರುವುದನ್ನೇ ಯುಡೆವ್ ಓದುತ್ತದೆ. ಕಾಪಿಯಲ್ಲಿ 1ಎ86/7523 ಹುಡುಕಿ, ಆ ಸಾಲಿನ ಮುಂದೆ ಹ್ಯಾಶ್ ಹಾಕಿ ಸೇವ್ ಮಾಡಿ. ಆಮೇಲೆ ‘ಸುಡೊ ಯುಡೆವ್‌ಎಡಿಎಂ ಕಂಟ್ರೋಲ್’ ಜೊತೆ ರೀಲೋಡ್ ಆಯ್ಕೆ ಕೊಟ್ಟು ಬೋರ್ಡ್ ಚುಚ್ಚಿ ನೋಡಿ. ಮಿಕ್ಕ ಬ್ರೈಲ್ ಯಂತ್ರಗಳ ಸಾಲುಗಳೆಲ್ಲ ಹಾಗೇ ಇರುತ್ತವೆ.

ಮೊದಲು ಅವಳ ಡಿಸ್‌ಪ್ಲೇ ಚುಚ್ಚಿ ಪರೀಕ್ಷೆ ಮಾಡಿ, ನ್ಯಾನೋ ಆಮೇಲೆ.

ಟೊಮೆಟೊ_ಸಾಲು

ನನ್ನದರಲ್ಲಿ ಪೋರ್ಟ್ ನಿಂತಿತು ಅಣ್ಣ! ಟಿಟಿವೈಯುಎಸ್‌ಬಿ0 ಪಟ್ಟಿಯಲ್ಲಿ ಇದೆ. ಅಪ್‌ಲೋಡ್ ಕೊಟ್ಟರೆ ಮಾತ್ರ ‘ಪರ್ಮಿಷನ್ ಡಿನೈಡ್’.

ಕ್ಯಾತ್ಸಂದ್ರ_ಬೆಸುಗೆ

ಹೊಸದಾಗಿ ಹಾಕಿದ ಸಿಸ್ಟಮ್, ಅದಕ್ಕೆ. ಸೀರಿಯಲ್ ಪೋರ್ಟ್ ಮುಟ್ಟಬೇಕಾದರೆ ಡಯಲ್‌ಔಟ್ ಅನ್ನುವ ಗುಂಪಿನಲ್ಲಿ ಇರಬೇಕು. ‘ಸುಡೊ ಯೂಸರ್‌ಮಾಡ್ -ಎಜಿ ಡಯಲ್‌ಔಟ್’, ಮುಂದೆ ನಿಮ್ಮ ಯೂಸರ್ ಹೆಸರು. ಎ ಚಿಕ್ಕಕ್ಷರ, ಜಿ ದೊಡ್ಡಕ್ಷರ. ಎಚ್ಚರ, ಎ ಬಿಟ್ಟರೆ ನಿಮ್ಮ ಮಿಕ್ಕ ಗುಂಪುಗಳೆಲ್ಲ ಹೋಗುತ್ತವೆ, ಸುಡೊ ಗುಂಪು ಕೂಡ. ಮಾಡಿದ ಮೇಲೆ ಲಾಗ್‌ಔಟ್ ಆಗಿ ಮತ್ತೆ ಬನ್ನಿ. ಬರೀ ಟರ್ಮಿನಲ್ ಮುಚ್ಚಿ ತೆರೆದರೆ ಸಾಲದು. ದಯವಿಟ್ಟು ಪೋರ್ಟ್‌ಗೆ 777 (ಎಲ್ಲರಿಗೂ ಪೂರ್ತಿ ಅನುಮತಿ) ಕೊಡಲು ಹೋಗಬೇಡಿ. ಅದು ಕೇಬಲ್ ಕಿತ್ತು ಚುಚ್ಚುವವರೆಗೆ ಅಷ್ಟೇ.

ಬೆಟ್ಟದ_ತಪ್ಪಲು

ಇವತ್ತು ಬೆಳಗ್ಗೆ ಮಾಡಿದೆ. ಮೊದಲು ಅವಳ ಡಿಸ್‌ಪ್ಲೇ ಚುಚ್ಚಿದೆವು. ಚುಕ್ಕಿಗಳು ಎದ್ದವು, ಅವಳು ಬೆರಳಾಡಿಸಿ ಡೆಸ್ಕ್‌ಟಾಪ್‌ನಲ್ಲಿದ್ದ ಫೋಲ್ಡರ್ ಹೆಸರು ಓದಿ ಹೇಳಿದಳು. ಆಮೇಲೆ ನ್ಯಾನೋ ಚುಚ್ಚಿದೆ, ಪೋರ್ಟ್ ಬಂತು, ಹೋಗಲಿಲ್ಲ. ಎಲ್‌ಇಡಿ ಮಿನುಗಿಸುವ ಪ್ರೋಗ್ರಾಮ್ ಅವಳ ಕೈಯಲ್ಲೇ ಅಪ್‌ಲೋಡ್ ಮಾಡಿಸಿದೆ. ದೀಪದ ಬದಲು ಬಜರ್ ಹಾಕಿಕೊಡಿ ಮಿಸ್ ಅಂತ ಕೇಳಿದ್ದಾಳೆ. ನಾಳೆ ತರುತ್ತೇನೆ.

ಟೊಮೆಟೊ_ಸಾಲು

ಅಪ್‌ಲೋಡ್ ಆಯಿತು. ಸೆನ್ಸರನ್ನು ಮನೆ ಹಿಂದಿನ ಒಣ ಮಣ್ಣಿಗೆ ಚುಚ್ಚಿದರೆ 570ರ ಆಸುಪಾಸು ತೋರಿಸುತ್ತಿದೆ. ಒಂದು ಚೊಂಬು ನೀರು ಹಾಕಿದ ಮೇಲೆ 340ಕ್ಕೆ ಇಳಿಯಿತು. ಅಪ್ಪ ಪಕ್ಕದಲ್ಲೇ ಕೂತು ನಂಬರ್ ಇಳಿಯುವುದನ್ನು ನೋಡಿದರು. ಇನ್ನು ವಾಲ್ವ್‌ಗೆ ರಿಲೇ ಕಟ್ಟಬೇಕು, ಅದಕ್ಕೆ ಬೇರೆ ಪ್ರಶ್ನೆ ಹಾಕುತ್ತೇನೆ. ತುಂಬಾ ಥ್ಯಾಂಕ್ಸ್ ಅಣ್ಣ.